ಮನೆ ಮಾರಾಟದ ದಸ್ತಾವೇಜು ಕಿಟ್: ಒಕ್ಕಣೆಗೆ ಸಾಕು, ಸಾಲವಿರುವ ಮನೆಗೆ ಸಾಲದು

ಮನೆ ಮಾರುವವರು ತಮ್ಮ ಕಾಗದಪತ್ರಗಳನ್ನು ತಾವೇ ಸಿದ್ಧಪಡಿಸಿಕೊಳ್ಳಲೆಂದು ಹಲವು ಪ್ರಕಾಶಕರು ನಮೂನೆಗಳ ಕಿಟ್‌ಗಳನ್ನು ಮಾರುತ್ತಾರೆ. ಅಂಥ ಒಂದು ಕಿಟ್ಟನ್ನು ನನ್ನ ಮನೆಯ ಮಾರಾಟಕ್ಕೆ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕ್ರಯದ ಕರಾರು (ಮಾರುವ ಒಪ್ಪಂದ), ಕ್ರಯಪತ್ರ (ಮಾರಾಟದ ಅಂತಿಮ ಪತ್ರ), ಮಾರಾಟಗಾರರ ಮಾಹಿತಿ ನಮೂನೆ, ಮನೆಯೊಂದಿಗೆ ಬಿಟ್ಟುಕೊಡುವ ವಸ್ತುಗಳ ಪಟ್ಟಿ, ಹಣ ಸಂದಾಯದ ರಸೀದಿ ಮತ್ತು ಸ್ವಾಧೀನ ಪತ್ರ ಇವಿಷ್ಟರ ಕರಡುಗಳೂ ಅವನ್ನು ತುಂಬುವ ಬಗೆಯನ್ನು ವಿವರಿಸುವ ಒಂದು ಕೈಪಿಡಿಯೂ ಇದರಲ್ಲಿವೆ. ಒಬ್ಬರದೇ ಹೆಸರಿನಲ್ಲಿರುವ, ಸಾಲವಿಲ್ಲದ, ಬಾಡಿಗೆದಾರರಿಲ್ಲದ ಮನೆಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸಾಮಗ್ರಿ. ಸಾಲ ತೀರದ ಮನೆಯ ಮಾರಾಟಕ್ಕೆ ಮಾತ್ರ ಇದನ್ನೊಂದನ್ನೇ ನಂಬಿ ಸಹಿ ಹಾಕುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಬೇಕಿದ್ದ ಸಂಗತಿಯೊಂದನ್ನು ಈ ಕೈಪಿಡಿ ತನ್ನ ಕೊನೆಯ ಪುಟಗಳಿಗೆ ತಳ್ಳಿದೆ. ತಾನೇ ಬರೆದ ಪತ್ರಕ್ಕೆ ಎಲ್ಲ ದೇಶಗಳಲ್ಲೂ ಒಂದೇ ಬೆಲೆ ಇಲ್ಲ. ಜರ್ಮನಿಯಲ್ಲಿ ಸ್ಥಿರಾಸ್ತಿಯ ಮಾರಾಟದ ಕರಾರು ನೋಟರಿಯ ಮುಂದೆಯೇ ಆಗಬೇಕಾದ್ದರಿಂದ ಇಂಥ ಕಿಟ್ ಅಲ್ಲಿ ವಿಷಯ ತಿಳಿದುಕೊಳ್ಳುವುದಕ್ಕಷ್ಟೇ ಉಪಯೋಗ. ಇಂಗ್ಲೆಂಡಿನಲ್ಲಿ 2007ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಶುಲ್ಕ ಪಡೆದು ಇತರರಿಗೆ ಇಂಥ ಪತ್ರ ಸಿದ್ಧಪಡಿಸಿಕೊಡಲು ಅಧಿಕಾರ ಪಡೆದವರೇ ಆಗಬೇಕು, ಆದರೆ ತನ್ನ ಸ್ವತ್ತಿಗೆ ತಾನೇ ಬರೆದುಕೊಳ್ಳಲು ಅಡ್ಡಿಯಿಲ್ಲ. ಭಾರತದಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮು ಕ್ರಯದ ಕರಾರು ತಾನಾಗಿಯೇ ಸ್ವತ್ತಿನ ಮೇಲೆ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಹಕ್ಕು ವರ್ಗವಾಗಬೇಕಾದರೆ ಕ್ರಯಪತ್ರ ನೋಂದಣಿಯಾಗಬೇಕು. ಕೊಳ್ಳುವ ಮುನ್ನ ಈ ಪುಟಗಳನ್ನು ನೋಡುವ ಅವಕಾಶ ಗ್ರಾಹಕರಿಗೆ ಇಲ್ಲದಿರುವುದು ಮಾರಾಟದ ಜಾಣತನವಿರಬಹುದು, ನ್ಯಾಯವಂತೂ ಅಲ್ಲ.

ಕಿಟ್ಟಿನ ಅತ್ಯುತ್ತಮ ಭಾಗ ಷೆಡ್ಯೂಲಿನ, ಅಂದರೆ ಸ್ವತ್ತಿನ ವಿವರಪಟ್ಟಿಯ, ಪುಟ. ಸ್ವತ್ತಿನ ಸಂಖ್ಯೆ, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ (ಎಲ್ಲೆಗಳ ವಿವರ), ಕಟ್ಟಡದ ವಿವರ, ಹಾದಿಯ ಹಕ್ಕು ಇವುಗಳಿಗೆ ಬೇರೆ ಬೇರೆ ಅಂಕಣಗಳಿದ್ದು, ಪ್ರತಿ ಅಂಕಣದ ಪಕ್ಕದಲ್ಲಿ ‘ಹಿಂದಿನ ಪತ್ರದಲ್ಲಿ ಇದ್ದಂತೆ’ ಮತ್ತು ‘ಈಗ ಸ್ಥಳದಲ್ಲಿ ಇರುವಂತೆ’ ಎಂಬ ಎರಡು ಚೌಕಗಳನ್ನು ಕೊಟ್ಟಿದ್ದಾರೆ. ನೋಡಲು ಸಣ್ಣ ಏರ್ಪಾಡು, ಆದರೆ ಇದನ್ನು ರೂಪಿಸಿದವರಿಗೆ ವ್ಯಾಜ್ಯಗಳು ಎಲ್ಲಿ ಹುಟ್ಟುತ್ತವೆಂಬುದು ಚೆನ್ನಾಗಿ ಗೊತ್ತಿದೆ. ಹಳೆಯ ಪತ್ರದಲ್ಲಿ ಪೂರ್ವಕ್ಕೆ ಖಾಲಿ ನಿವೇಶನವೆಂದು ಬರೆದಿರುತ್ತದೆ. ಈಗ ಅಲ್ಲಿ ಮನೆ ಎದ್ದಿರುತ್ತದೆ, ಅದರ ಮಾಲೀಕರೂ ಎರಡು ಸಲ ಬದಲಾಗಿರುತ್ತಾರೆ. ಹಳೆಯ ಒಕ್ಕಣೆಯನ್ನು ಹಾಗೆಯೇ ನಕಲು ಮಾಡಿದರೆ ಚಕ್ಕುಬಂದಿ ನೆಲಕ್ಕೆ ಹೊಂದುವುದಿಲ್ಲ, ಹೊಸದನ್ನಷ್ಟೇ ಬರೆದರೆ ಹಳೆಯ ಪತ್ರದ ಸ್ವತ್ತೂ ಇದೂ ಒಂದೇ ಎಂಬುದಕ್ಕೆ ಕೊಂಡಿ ಕಳಚುತ್ತದೆ. ಎರಡನ್ನೂ ಬರೆದು, ‘ಹಿಂದೆ ಇಂಥವರ ನಿವೇಶನ, ಹಾಲಿ ಇಂಥವರ ಮನೆ’ ಎಂದು ನಮೂದಿಸುವ ಮಾದರಿ ವಾಕ್ಯವನ್ನು ಕೈಪಿಡಿಯೇ ಒದಗಿಸಿದೆ. ಅಳತೆಗೂ ಎಲ್ಲೆಗಳಿಗೂ ತಾಳೆಯಾಗದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ವಿಸ್ತೀರ್ಣದ ಅಂಕಿಗಿಂತ ನೆಲದ ಮೇಲೆ ಗುರುತಿಸಬಹುದಾದ ಎಲ್ಲೆಗಳಿಗೆ ಹೆಚ್ಚು ತೂಕ ಕೊಡುತ್ತವೆ ಎಂಬುದನ್ನೂ ಅದು ಹೇಳಿದ್ದರೆ, ಈ ಅಂಕಣವನ್ನು ಅವಸರದಲ್ಲಿ ತುಂಬುವವರು ಒಂದಿಷ್ಟು ಕಡಿಮೆಯಾಗುತ್ತಿದ್ದರು.

ಋಣಭಾರದ ಕಲಮಿಗೆ ಬಂದಾಗ ಇದೇ ಎಚ್ಚರ ಕಾಣುವುದಿಲ್ಲ. ‘ಸದರಿ ಸ್ವತ್ತು ಯಾವುದೇ ಅಡಮಾನ, ಜಪ್ತಿ, ವ್ಯಾಜ್ಯ ಮುಂತಾದ ಋಣಭಾರಗಳಿಂದ ಮುಕ್ತವಾಗಿರುತ್ತದೆ’ ಎಂಬ ವಾಕ್ಯ ಕ್ರಯದ ಕರಾರಿನಲ್ಲಿ ಮೊದಲೇ ಅಚ್ಚಾಗಿದೆ. ಅದನ್ನು ಹೊಡೆದುಹಾಕಿ ಬೇರೆ ಬರೆಯಲು ಜಾಗವೂ ಇಲ್ಲ, ಸೂಚನೆಯೂ ಇಲ್ಲ. ನನ್ನ ಮನೆಯ ಮೇಲೆ ಸಾಲ ಇನ್ನೂ ಬಾಕಿಯಿತ್ತು. ಸಾಲವಿರುವಾಗಲೇ ಮನೆ ಮಾರುವುದು ಅಪರೂಪದ ಸಂಗತಿಯೇನಲ್ಲ, ಕೊಳ್ಳುವವರ ಹಣದಿಂದಲೇ ಹಳೆಯ ಸಾಲ ತೀರಿಸುವುದು ಎಲ್ಲೆಡೆ ನಡೆಯುವ ಕ್ರಮ. ಅಂಥ ಮಾಲೀಕರು ಈ ವಾಕ್ಯದ ಕೆಳಗೆ ಸಹಿ ಹಾಕಿದರೆ ಆ ದಿನದ ಮಟ್ಟಿಗೆ ಸುಳ್ಳು ಹೇಳಿಕೆಯನ್ನೇ ಕೊಟ್ಟಂತಾಗುತ್ತದೆ. ಇಲ್ಲಿ ಬೇಕಾದದ್ದು ಸಾಲ ಕೊಟ್ಟ ಸಂಸ್ಥೆ, ಖಾತೆ, ಬಾಕಿಯ ಮೊತ್ತವನ್ನು ನಮೂದಿಸಿ, ಅದನ್ನು ತೀರಿಸುವ ದಿನಾಂಕವನ್ನೂ, ಹಣ ನೇರವಾಗಿ ಸಾಲದ ಖಾತೆಗೇ ಹೋಗಬೇಕೆಂಬುದನ್ನೂ, ಬಿಡುಗಡೆ ಪತ್ರ ಮತ್ತು ಮೂಲ ದಸ್ತಾವೇಜುಗಳನ್ನು ಯಾರು ಪಡೆದು ಯಾರಿಗೆ ಒಪ್ಪಿಸಬೇಕೆಂಬುದನ್ನೂ ಕ್ರಮವಾಗಿ ಹೇಳುವ ಕಲಮು. ಅದನ್ನು ವಕೀಲರಿಂದ ಬರೆಸಿ ಕರಾರಿಗೆ ಸೇರಿಸಿದೆ. ಉಳಿದ ಕರಡು ಸಿದ್ಧವಾಗಿದ್ದರಿಂದ ಅವರ ಕೆಲಸ ಆ ಒಂದು ಕಲಮಿಗೂ ಒಟ್ಟು ಪತ್ರದ ಪರಿಶೀಲನೆಗೂ ಸೀಮಿತವಾಯಿತು, ಶುಲ್ಕವೂ ಅಷ್ಟಕ್ಕೇ ನಿಂತಿತು.

ರಸೀದಿಯ ನಮೂನೆಗೂ ಇದೇ ಜಾತಿಯ ಕೊರತೆಯಿದೆ. ‘ಕ್ರಯದ ಪೂರ್ತಿ ಹಣ ಸಂದಿರುತ್ತದೆ’ ಎಂಬ ಒಕ್ಕಣೆಗೆ ಸಹಿ ಮಾಡುವ ಮೊದಲು ಹಣ ಖಾತೆಗೆ ನಿಜವಾಗಿ ಜಮೆಯಾಗಿರಬೇಕೆಂದು ಎಲ್ಲೂ ಎಚ್ಚರಿಸಿಲ್ಲ. ಪಾವತಿಯ ದಿನಾಂಕ, ಬ್ಯಾಂಕು, ಸಂಖ್ಯೆಗಳಿಗೆ ಒಂದೇ ಗೆರೆಯನ್ನು ಬಿಟ್ಟಿದ್ದಾರೆ. ಹಣ ಕಂತುಗಳಲ್ಲಿ ಬಂದರೆ ಆ ಗೆರೆ ಎಲ್ಲಿಗೂ ಸಾಲದು.

ಮಾಹಿತಿ ನಮೂನೆಯನ್ನು ಮಾತ್ರ ಮೆಚ್ಚಲೇಬೇಕು. ಸೋರುವ ಚಾವಣಿ, ನೆರೆಯವರೊಂದಿಗಿನ ಗೋಡೆಯ ತಕರಾರು, ಅನುಮತಿಯಿಲ್ಲದೆ ಕಟ್ಟಿಸಿದ ಕೋಣೆ, ಬಾಕಿ ತೆರಿಗೆ ಎಲ್ಲವನ್ನೂ ಅದು ನೇರವಾಗಿ ಕೇಳುತ್ತದೆ. ಉತ್ತರಕ್ಕೆ ‘ಹೌದು’, ‘ಇಲ್ಲ’ಗಳ ಜೊತೆಗೆ ‘ನನ್ನ ತಿಳಿವಳಿಕೆಗೆ ಬಂದಿಲ್ಲ’ ಎಂಬ ಮೂರನೆಯ ಆಯ್ಕೆಯಿದೆ. ನೆಲದಡಿಯ ಕೊಳವೆ ಒಡೆದಿದೆಯೇ ಎಂದು ಕೇಳಿದರೆ ಪ್ರಾಮಾಣಿಕ ಮಾಲೀಕರು ಕೊಡಬಹುದಾದ ಉತ್ತರ ಬಹುಪಾಲು ಅದೇ. ಖಚಿತವಾಗಿ ‘ಇಲ್ಲ’ ಎಂದು ಗುರುತು ಹಾಕಿದವರು ನಾಳೆ ಆ ಮಾತಿಗೆ ಜವಾಬ್ದಾರರಾಗಬೇಕಾಗಬಹುದು. ವಸ್ತುಗಳ ಪಟ್ಟಿಯೂ ಅಚ್ಚುಕಟ್ಟಾಗಿದೆ. ನೀರು ಕಾಯಿಸುವ ಯಂತ್ರ, ಫ್ಯಾನು, ಪರದೆಯ ಸರಳು ಇವುಗಳ ವಿಷಯದಲ್ಲೇ ಎರಡು ಕಡೆಯವರ ಮನಸ್ಸು ಮುರಿಯುವುದುಂಟು. ಯಾವುದು ಉಳಿಯುತ್ತದೆ, ಯಾವುದನ್ನು ಕಳಚಿ ಒಯ್ಯುತ್ತೇವೆ ಎಂಬುದು ಕೋಣೆವಾರು ಬರೆದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಸಹಮಾಲೀಕರು, ಅಪ್ರಾಪ್ತ ವಯಸ್ಸಿನ ಹಕ್ಕುದಾರರು, ಮುಖ್ತ್ಯಾರ್ ಪತ್ರದ (ಮಾಲೀಕರ ಪರವಾಗಿ ಅಧಿಕಾರ ಕೊಡುವ ಪತ್ರದ) ಮೂಲಕ ಸಹಿ ಮಾಡುವವರು ಇರುವ ಸಂದರ್ಭಗಳಲ್ಲಿ ಕೈಪಿಡಿ ‘ತಜ್ಞರನ್ನು ಕಾಣಿರಿ’ ಎಂದು ಕೈ ತೊಳೆದುಕೊಂಡಿದೆ. ಅದಕ್ಕೆ ನನ್ನ ತಕರಾರಿಲ್ಲ. ಇದೇ ಸಾಲನ್ನು ಋಣಭಾರದ ಕಲಮಿನ ಪಕ್ಕದಲ್ಲೂ ಹಾಕಬೇಕಿತ್ತು.

ಕೊನೆಯಲ್ಲಿರುವ ಸ್ವಾಧೀನ ಪತ್ರ ಒಂದೇ ಪುಟದ್ದು, ಅದನ್ನು ಅಕ್ಷರವೂ ತಿದ್ದದೆ ಬಳಸಿದೆ. ಬೀಗದ ಕೈಗಳ ಸಂಖ್ಯೆ, ವಿದ್ಯುತ್ ಮತ್ತು ನೀರಿನ ಮೀಟರುಗಳ ಆ ದಿನದ ಅಂಕಿ, ಒಪ್ಪಿಸಿದ ಮೂಲಪತ್ರಗಳ ಪಟ್ಟಿ, ಸ್ವಾಧೀನ ಕೊಟ್ಟ ಗಂಟೆ ಇವೆಲ್ಲಕ್ಕೂ ಜಾಗವಿದೆ, ಎರಡೂ ಕಡೆಯವರ ಸಹಿಗೂ ಇದೆ. ಕೊಂಡವರಿಗೆ ಒಂದು ಪ್ರತಿ, ಮಾರಿದವರಿಗೆ ಒಂದು ಪ್ರತಿ ಎಂದು ಅಡಿಟಿಪ್ಪಣಿಯಲ್ಲೇ ಸೂಚಿಸಿರುವುದರಿಂದ, ಮುಂದೆ ಹಳೆಯ ಮಾಲೀಕರ ಹೆಸರಿಗೆ ಬಿಲ್ಲು ಬಂದಾಗ ತೋರಿಸಲು ಅವರ ಕೈಯಲ್ಲೂ ಒಂದು ದಾಖಲೆ ಇರುತ್ತದೆ.