5 ವರ್ಷದ ಹುಡುಗ, 12ರ ಜಾಣ, 19ರ ಅಜ್ಜಿ: ನಿಧಾನ ಸವಾರಿಗೆ ಯಾವ ಕುದುರೆ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಜ್ಜಿಗೆ. ಅಜ್ಜಿ ಅಂದರೆ ಈಗ ನನ್ನ ಲಾಯದಲ್ಲಿರುವ 19 ವರ್ಷದ ಹೆಣ್ಣು ಕುದುರೆ. ಅವಳಿಗಿಂತ ಮುಂಚೆ 5 ವರ್ಷದ ಗಂಡೊಂದನ್ನು ಕೊಂಡು, 8 ತಿಂಗಳು ಒದ್ದಾಡಿ, ಮಾರಿದೆ. ನಡುವೆ 12 ವರ್ಷದ ಇನ್ನೊಂದನ್ನು 2 ವಾರ ತಂದಿಟ್ಟುಕೊಂಡು ನೋಡಿದೆ. ಹಾಗಾಗಿ ಇದು ಮೂರರ ಬೆನ್ನ ಮೇಲೂ ಕೂತು ಬಂದವನ ಮಾತು.

ನನ್ನ ಸವಾರಿ ಎಂಥದ್ದು ಅನ್ನೋದು ಗೊತ್ತಿರಲಿ. ವಾರಕ್ಕೆ 3 ದಿನ, ಸಲಕ್ಕೆ ಮುಕ್ಕಾಲು ಗಂಟೆ. ಹೆಚ್ಚಿನಂಶ ನಡಿಗೆ, ಮನಸ್ಸು ಬಂದರೆ ಒಂದಿಷ್ಟು ದುಲ್ಕಿ, ಅಂದರೆ ಹಗುರ ಓಟ. ಬೇಲಿ ಹಾರಿಸುವ ಆಸೆ ಇಲ್ಲ. ಐವತ್ತು ದಾಟಿದೆ. ಬಿದ್ದರೆ ಮೊದಲಿನ ಹಾಗೆ ಮಣ್ಣು ಕೊಡವಿಕೊಂಡು ಏಳುವ ಮೈ ಇದಲ್ಲ.

ಅದನ್ನು ಕಲಿಸಿದವನೇ ಹುಡುಗ. ಮಾರಿದವರು "ಚೆನ್ನಾಗಿ ಪಳಗಿದ್ದಾನೆ" ಅಂದಿದ್ದರು. ಪಳಗಿದ್ದ, ಅವರ ಕೈಗೆ. ಒಂದು ದಿನ ದಾರಿಯಲ್ಲಿ ಗಾಳಿಗೆ ಪ್ಲಾಸ್ಟಿಕ್ ಚೀಲ ಹಾರಿತು. ಅವನು ಒಂದೇ ನೆಗೆತಕ್ಕೆ ಎರಡು ಮಾರು ಪಕ್ಕಕ್ಕೆ ಹೋದ. ನಾನು ಇದ್ದಲ್ಲೇ ಇದ್ದೆ, ಗಾಳಿಯಲ್ಲಿ. ಪಕ್ಕೆಲುಬಿಗೆ ಪೆಟ್ಟು ಬಿದ್ದು 6 ವಾರ ಸೀನೋಕೂ ಭಯ. ತಪ್ಪು ಅವನದಲ್ಲ. ಕುದುರೆಯ ಬೆನ್ನುಮೂಳೆ ಪೂರ್ತಿ ಬಲಿಯೋದೇ ಐದೂವರೆ, ಆರು ವರ್ಷಕ್ಕೆ. ಅವನಿಗೆ ದಿನಾ ಹತ್ತಿ ಕಲಿಸುವ ಗಟ್ಟಿ ಕೈ ಬೇಕಿತ್ತು. ಸಿಕ್ಕಿದ್ದು ನಾನು.

12 ವರ್ಷದ ಜಾಣನ ಬಗ್ಗೆ ದೂರಿಲ್ಲ. ನಿಜ ಹೇಳಬೇಕೆಂದರೆ ಮೂರರಲ್ಲಿ ಒಳ್ಳೆಯ ಕುದುರೆ ಅವನೇ. ಆದರೆ ನಾಲ್ಕು ದಿನ ಸುಮ್ನೆ ನಿಲ್ಲಿಸಿ ಐದನೇ ದಿನ ಜೀನು ಹಾಕಿದರೆ ಮೈಯೆಲ್ಲ ಸ್ಪ್ರಿಂಗು. ಬೆಲೆ ಅಜ್ಜಿಯ ಮೂರು ಪಟ್ಟು. ವಾಪಸ್ ಕಳಿಸಿದೆ.

ಅಜ್ಜಿಯನ್ನು ಕೊಳ್ಳುವಾಗ ಈ ಸಲ ನಾನು ಮೋಸ ಹೋಗಲ್ಲ ಅಂದುಕೊಂಡಿದ್ದೆ. ಡಾಕ್ಟರನ್ನು ಜೊತೆಗೇ ಕರೆದುಕೊಂಡು ಹೋದೆ. ಕಾಲನ್ನು ಒಂದು ನಿಮಿಷ ಮಡಚಿ ಹಿಡಿದು, ಬಿಟ್ಟ ಕೂಡಲೇ ಓಡಿಸಿ ಕುಂಟುತ್ತಾಳಾ ನೋಡಿದರು. ಮೊದಲ ನಾಲ್ಕು ಹೆಜ್ಜೆ ಬಿಗಿ, ಆಮೇಲೆ ಸಲೀಸು. ಫಿನೈಲ್‌ಬ್ಯುಟಜೋನ್‌ನಂಥ ನೋವಿನ ಔಷಧಿ ಕೊಟ್ಟರೆ ಕುಂಟು ಮರೆಯಾಗುತ್ತದೆ. ಅದಕ್ಕೇ ರಕ್ತವನ್ನೂ ತೆಗೆಸಿದೆ. ಮಾರುವವರು 16 ವರ್ಷ ಅಂದಿದ್ದರು. ಡಾಕ್ಟರು ಮೇಲಿನ ಮೂಲೆಯ ಬಾಚಿಹಲ್ಲು ನೋಡಿ ನಕ್ಕರು. ಆ ಹಲ್ಲಿನಲ್ಲಿ 10ನೇ ವರ್ಷದ ಸುಮಾರಿಗೆ ಒಂದು ಗೀರು ಒಸಡಿನ ಹತ್ತಿರ ಶುರುವಾಗಿ, 15ಕ್ಕೆ ಅರ್ಧಕ್ಕೆ ಇಳಿದು, 20ಕ್ಕೆ ತುದಿ ಮುಟ್ಟುತ್ತದೆ. ಕರಾರುವಾಕ್ಕಾದ ಲೆಕ್ಕವಲ್ಲ, ಅಂದಾಜು. ಅಜ್ಜಿಯ ಗೀರು ತುದಿಗೆ ಕೂದಲೆಳೆ ಬಾಕಿ ಇತ್ತು. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು ಅಂತಾರೆ, ಸರಿ. ನಾನು ದುಡ್ಡು ಕೊಡ್ತಿದ್ದೆ, ಎಣಿಸಿದೆ. ಬೆಲೆ ಇಳಿಯಿತು.

ಎಣಿಸಿದ್ದು ಮುಂದಿನ ಹಲ್ಲು ಮಾತ್ರ. ಎಡವಿದ್ದು ಅಲ್ಲೇ.

ಮನೆಗೆ ತಂದ ಮೂರನೇ ವಾರ. ಲಾಯ ಗುಡಿಸುವಾಗ ನೆಲದ ಮೇಲೆ ಬೆರಳುದ್ದದ ಹುಲ್ಲಿನ ಸುರುಳಿಗಳು ಕಂಡವು. ಒದ್ದೆ, ಹಸಿರು, ಹಿಂಡಿದ ಬಟ್ಟೆಯ ಹಾಗೆ ಹುರಿಗೊಂಡಿದ್ದವು. ಯಾವುದೋ ಹಕ್ಕಿಯ ಕೆಲಸ ಅಂದುಕೊಂಡು ಗುಡಿಸಿ ಎಸೆದೆ. ಮಾರನೇ ದಿನ ಮತ್ತೆ ಏಳೆಂಟು. ಅಜ್ಜಿ ಹುಲ್ಲು ತಿನ್ನುವುದನ್ನೇ ನಿಂತು ನೋಡಿದೆ. ಬಾಯಿ ತುಂಬ ತೆಗೆದುಕೊಳ್ಳುತ್ತಾಳೆ, ತಲೆ ಒಂದು ಕಡೆ ವಾಲಿಸಿ ಅಗಿಯುತ್ತಾಳೆ, ಅಗಿದೂ ಅಗಿದೂ ಕೊನೆಗೆ ನುಂಗೋಕಾಗದೆ ಬಾಯಿಂದ ಕೆಳಗೆ ಬೀಳಿಸುತ್ತಾಳೆ. ಗೋದಲಿ ಖಾಲಿ ಆಗ್ತಿತ್ತು, ಹೊಟ್ಟೆಗೆ ಹೋಗ್ತಿರಲಿಲ್ಲ. ಅಷ್ಟರಲ್ಲಿ ಪಕ್ಕೆಲುಬು ಎಣಿಸೋಕೆ ಬರ್ತಿತ್ತು.

ಡಾಕ್ಟರು ಬಾಯಿಗೆ ಕಬ್ಬಿಣದ ಚೌಕಟ್ಟು ಕೊಟ್ಟು ಅಗಲಿಸಿ, ಟಾರ್ಚು ಬಿಟ್ಟು ನೋಡಿದರು. ಅರೆಯುವ ದವಡೆ ಹಲ್ಲು ಒಟ್ಟು 24. ಅಜ್ಜಿಗೆ ಮೇಲಿನದ್ದೊಂದು ಇಲ್ಲವೇ ಇಲ್ಲ. ಅದರ ಎದುರಿನ ಕೆಳಗಿನ ಹಲ್ಲು ಸವೆಯೋಕೆ ಜೋಡಿ ಇಲ್ಲದೆ ಗೂಟದ ಹಾಗೆ ಬೆಳೆದು ಮೇಲಿನ ಒಸಡಿಗೆ ಚುಚ್ಚುತ್ತಿತ್ತು. ಇನ್ನೆರಡು ಒಸಡಿನ ಮಟ್ಟಕ್ಕೆ ಸವೆದಿದ್ದವು. ಕುದುರೆಯ ಹಲ್ಲು ವರ್ಷಕ್ಕೆ 2-3 ಮಿಲಿಮೀಟರ್ ಸವೆಯುತ್ತದೆ, ಅಷ್ಟೇ ಹೊರಗೆ ಬರುತ್ತದೆ. ದವಡೆಯೊಳಗಿನ ದಾಸ್ತಾನು ಮುಗಿದ ಮೇಲೆ ಹೊಸದು ಬರಲ್ಲ. ಗೂಟವನ್ನು ಒಂದೇ ಸಲಕ್ಕೆ ಉಜ್ಜುವಂತಿಲ್ಲ, ಒಳಗಿನ ಜೀವಭಾಗಕ್ಕೆ ಪೆಟ್ಟಾಗುತ್ತದೆ. ಹಾಗಾಗಿ 6 ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಅರ ಹಾಕಿಸಬೇಕು.

ಊಟದ ಕಥೆ ಬೇರೆ. ಉದ್ದ ಹುಲ್ಲು ಬಂದ್. ಹುಲ್ಲನ್ನು ಪುಡಿ ಮಾಡಿ ಒತ್ತಿದ ಪೆಲೆಟ್ಟುಗಳನ್ನು ನೀರಿನಲ್ಲಿ ನೆನೆಸಿ ಅಂಬಲಿ ಮಾಡಿ ಕೊಡಬೇಕು. ಕುದುರೆಗೆ ದಿನಕ್ಕೆ ತನ್ನ ತೂಕದ ಶೇಕಡಾ ಒಂದೂವರೆಯಿಂದ 2ರಷ್ಟು ಮೇವು ಬೇಕು. ಅಜ್ಜಿ 400 ಕೆಜಿ, ಅಂದರೆ 6ರಿಂದ 8 ಕೆಜಿ ಒಣ ಪೆಲೆಟ್ಟು. ನೆನೆದರೆ ಎಷ್ಟು ಬಕೆಟ್ ಆಗುತ್ತೆ ಯೋಚಿಸಿ. ಅದನ್ನೂ ದಿನಕ್ಕೆ 4 ಸಲ ಹಂಚಿ ಕೊಡಬೇಕು. ಸೆಕೆಗಾಲದಲ್ಲಿ ಬೇಗ ಹುಳಿ ಬರುತ್ತೆ, ಚಳಿಯಲ್ಲಿ ಬೇಗ ನೆನೆಯಲ್ಲ. ನನ್ನ ದಿನ ಈಗ ಬಕೆಟ್ಟಿನ ಲೆಕ್ಕದಲ್ಲಿ ನಡೆಯುತ್ತದೆ.

ಒಮ್ಮೆ ಆತುರದಲ್ಲಿ ಅರ್ಧಂಬರ್ಧ ನೆನೆದದ್ದನ್ನೇ ಸುರಿದೆ. ಹತ್ತು ನಿಮಿಷಕ್ಕೆ ಅಜ್ಜಿ ಕತ್ತು ಚಾಚಿ ನಿಂತಳು, ಮೂಗಿನಿಂದ ಹಸಿರು ನೊರೆ. ಮೇವು ಅನ್ನನಾಳದಲ್ಲಿ ಸಿಕ್ಕಿಕೊಂಡಿತ್ತು. ಕುದುರೆಗೆ ವಾಂತಿ ಮಾಡಿ ಹೊರಹಾಕೋಕೂ ಬರಲ್ಲ. ಡಾಕ್ಟರು ಬಂದು ಮೂಗಿನ ಮೂಲಕ ನಳಿಗೆ ಇಳಿಸಿ ನೀರು ಬಿಟ್ಟು ತೊಳೆಯುವವರೆಗೆ ನಾನು ಅವಳ ಜೂಲು ಹಿಡಿದು ನಿಂತಿದ್ದೆ. ಆಮೇಲೆ ನೆನೆಸೋದರಲ್ಲಿ ಸೋಮಾರಿತನ ಮಾಡಿಲ್ಲ.

ಇಷ್ಟೆಲ್ಲ ಆದ ಮೇಲೂ ಅಜ್ಜಿಯೇ ಯಾಕೆ? ಮೊನ್ನೆ ದಾರಿಯಲ್ಲಿ ಮತ್ತೆ ಅಂಥದ್ದೇ ಒಂದು ಚೀಲ ಹಾರಿ ಬಂದು ಅವಳ ಮುಂಗಾಲಿಗೇ ಸುತ್ತಿಕೊಂಡಿತು. ಅಜ್ಜಿ ನಿಂತಳು. ತಲೆ ಬಗ್ಗಿಸಿ ಮೂಸಿದಳು. ನಾನು ಇಳಿದು ಬಿಡಿಸುವವರೆಗೆ ಕಾದಳು. 10 ದಿನ ಬಿಟ್ಟು ಹತ್ತಿದರೂ ಅದೇ ಕುದುರೆ.

ಉಳಿದದ್ದು ಚುಟುಕಾಗಿ. ಗೊರಸಿನ ಕೆಲಸ ಮೂವರಿಗೂ 6ರಿಂದ 8 ವಾರಕ್ಕೊಮ್ಮೆ, ವಯಸ್ಸಿನ ರಿಯಾಯಿತಿ ಇಲ್ಲ. ಅಜ್ಜಿಯ ಬೆನ್ನು ಸ್ವಲ್ಪ ಜಗ್ಗಿದೆ, ಹುಡುಗನ ಜೀನು ಕೂರಲಿಲ್ಲ, ಬೇರೆ ಮಾಡಿಸಿದೆ. ಮೊದಲ 15 ನಿಮಿಷ ಬರೀ ನಡಿಗೆ, ಕೀಲು ಸಡಿಲವಾಗಲಿ ಅಂತ. ರಾತ್ರಿಯಿಡೀ ಕಟ್ಟಿ ಹಾಕಿದರೆ ಬೆಳಿಗ್ಗೆ ಮರದ ಕುದುರೆ, ಆದ್ದರಿಂದ ಬಯಲಲ್ಲೇ ಬಿಡುತ್ತೇನೆ. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಶೇಕಡಾ 20 ದಾಟಬಾರದು ಅಂತಾರೆ. ನಾವು 72 ಕೆಜಿ, ಅವಳ ವಯಸ್ಸಿಗೆ ಅದೇ ಜಾಸ್ತಿ ಅನಿಸಿ ರಾತ್ರಿ ಊಟ ಕಡಿಮೆ ಮಾಡಿದ್ದೇನೆ. ಮಾರೋಕೆ ಹೋದರೆ ಯಾರೂ ತೆಗೆದುಕೊಳ್ಳಲ್ಲ. ಕೊನೆ ಉಸಿರಿನವರೆಗೂ ನನ್ನದೇ ಖರ್ಚು, ಅದನ್ನು ಬಜೆಟ್ಟಿಗೆ ಸೇರಿಸಿಯೇ ಕೊಂಡೆ.

ವಾರಕ್ಕೆ 5 ದಿನ ಹತ್ತುವವರು, ಕೈಯಲ್ಲಿ ದುಡ್ಡಿರುವವರು 12 ವರ್ಷದ ಜಾಣನನ್ನು ತನ್ನಿ. ನನ್ನಂಥವರು ಅಜ್ಜಿಯನ್ನು ತನ್ನಿ. ಆದರೆ ದುಡ್ಡು ಎಣಿಸುವ ಮುಂಚೆ ಚೌಕಟ್ಟು ಹಾಕಿಸಿ ಹಿಂದಿನ ಹಲ್ಲು ನೋಡಿಸಿ. ಅದಾಗಲಿಲ್ಲವೆಂದರೆ ಮುಂದೆ ಒಂದು ಹಿಡಿ ಉದ್ದ ಹುಲ್ಲು ಹಾಕಿ, ಮಾರುವವರು ಎಷ್ಟೇ ಮಾತಿಗೆಳೆದರೂ ಅರ್ಧ ಗಂಟೆ ಅಲ್ಲೇ ನಿಂತು ನೆಲ ನೋಡುತ್ತಿರಿ.