ಕ್ಲಿಂಟನ್ನೋ, ಎಲ್ಕ್ ಸಿಟಿಯೋ?

ಅಮೆರಿಕದ ಷಿಕಾಗೋದಿಂದ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದವರೆಗಿನ ರೂಟ್ 66 ಹೆದ್ದಾರಿ ಹುಟ್ಟಿದ್ದು 1926ರಲ್ಲಿ; 1985ರಲ್ಲಿ ಅಧಿಕೃತ ಪಟ್ಟಿಯಿಂದ ಹೊರಬಿತ್ತು. ಪಶ್ಚಿಮ ಒಕ್ಲಹೋಮಾದ ಕ್ಲಿಂಟನ್ ಮತ್ತು ಎಲ್ಕ್ ಸಿಟಿ ಊರುಗಳಲ್ಲಿ ಅದರ ಎರಡು ಮ್ಯೂಸಿಯಂಗಳಿವೆ; ನಡುವೆ ಕಾರಿನಲ್ಲಿ ಅರ್ಧ ಗಂಟೆಯ ಹಾದಿ. ಒಂದಕ್ಕಷ್ಟೇ ಬಿಡುವಿದ್ದರೆ ನನ್ನ ಮತ ಕ್ಲಿಂಟನ್‌ಗೆ. ಅದು ರಸ್ತೆಯ ಕಥೆಯನ್ನು ದಶಕದಿಂದ ದಶಕಕ್ಕೆ ಬಿಚ್ಚುತ್ತದೆ: 1930ರ ದಶಕದ ಬರ ಮತ್ತು ಧೂಳಿನ ಬಿರುಗಾಳಿಗೆ ಸೋತು ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೊರಟ ರೈತರು, ಯುದ್ಧಾನಂತರದ ಪ್ರವಾಸಿಗರ ಸುಗ್ಗಿ, ಕೊನೆಗೆ ಊರುಗಳನ್ನು ಬದಿಗಿಟ್ಟು ಹಾದುಹೋದ ಅಂತರರಾಜ್ಯ ಹೆದ್ದಾರಿ. ಎಲ್ಕ್ ಸಿಟಿಯದು ಹಲವು ಮ್ಯೂಸಿಯಂಗಳ ಸಂಕೀರ್ಣ: ಹಳೆಯ ಪೇಟೆಯ ಮರುಸೃಷ್ಟಿ, ಕೃಷಿ ಉಪಕರಣಗಳು, ಹೊರಗೆ ದೈತ್ಯ ಫಲಕ (ಫೋಟೊಪ್ರಿಯರ ಸಾಲು ಅಲ್ಲೇ). ಹೆದ್ದಾರಿಯ ಕಥೆ ಅಲ್ಲಿ ಕೊಂಚ ಚದುರುತ್ತದೆ. ಆದರೂ ಮಕ್ಕಳು ಜೊತೆಗಿದ್ದರೆ ಅಲ್ಲಿಗೇ ಹೋಗಿ, ಓಡಾಡಲು ಜಾಗವಿದೆ.