ಗೇಮ್ ಐಡಿ ಮಾರಿ ಬಂದ 14,000, ಲಾಕ್ ಆದ ಎರಡು ಖಾತೆ

ಮೊನ್ನೆ ರಾತ್ರಿ ನಮ್ಮ ಸ್ಕ್ವಾಡ್‌ನ ಹುಡುಗನೊಬ್ಬ ಮ್ಯಾಚ್ ನಡೀತಿರುವಾಗಲೇ ಮೈಕ್‌ನಲ್ಲಿ ಕೇಳಿದ: "ಲೇ, ನನ್ನ ಐಡಿಗೆ ಒಬ್ಬಾವ ಹದಿನೆಂಟು ಸಾವಿರ ಕೊಡ್ತೀನಿ ಅನ್ನಾಕತ್ತಾನ. ಕ್ಯೂಆರ್ ಕಳಿಸ್ಲೇನು?" ನಾನು ಆಟ ಅಲ್ಲಿಗೇ ಬಿಟ್ಟು ಅವನಿಗೆ ಫೋನ್ ಹಚ್ಚಿದೆ. ಗಂಟೆಗಟ್ಟಲೆ ಮಾತಾಡಿದ ಮೇಲೆ, ಇದನ್ನು ಒಬ್ಬನಿಗೆ ಹೇಳಿದರೆ ಸಾಲದು, ಬರೆದು ಇಡಬೇಕು ಅನ್ನಿಸಿತು. ಸ್ವಲ್ಪ ಉದ್ದವಿದೆ. ಬಿಜಿಎಂಐ (ಪಬ್‌ಜಿ ಮೊಬೈಲ್ ಆಟದ ಭಾರತದ ಆವೃತ್ತಿ) ಆಡುವವರು, ಐಡಿ (ಆಟದ ಖಾತೆ) ಅಥವಾ ಯುಸಿ (ಆಟದೊಳಗಿನ ದುಡ್ಡು) ಕೊಂಡು ಮಾರುವವರು ದಯವಿಟ್ಟು ಪೂರ್ತಿ ಓದಿ.

ನಾನು ರಾಣೆಬೆನ್ನೂರು ಕಡೆಯವನು. ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಸಿಎನ್‌ಸಿ ಮಷಿನ್ ಮೇಲೆ ಕೆಲಸ ಮಾಡುತ್ತೇನೆ. ಶಿಫ್ಟ್ ಮುಗಿಸಿ ಪಿಜಿಗೆ ಬಂದರೆ ಊಟ, ಸ್ವಲ್ಪ ರೀಲ್ಸ್, ಊರಿನ ಗೆಳೆಯರ ಗ್ರೂಪಲ್ಲಿ ಟ್ರೋಲ್ ಮೀಮ್ಸ್, ಹನ್ನೊಂದಕ್ಕೆ ಬಿಜಿಎಂಐನ ಎರಂಗೆಲ್ ಮ್ಯಾಪ್‌ನಲ್ಲಿ ಎರಡು ಮ್ಯಾಚ್. ಊರು ಬಿಟ್ಟು ಬಂದವನಿಗೆ ಆ ಒಂದು ಗಂಟೆ ಬಹಳ ದೊಡ್ಡದು. ಆಟಕ್ಕಿಂತ ಹೆಚ್ಚಾಗಿ ಮೈಕ್‌ನಲ್ಲಿ ನಮ್ಮ ಕಡೆಯ ಮಾತು ಕೇಳುತ್ತದೆ. ಒಬ್ಬ ಹಾವೇರಿಯಲ್ಲಿ, ಒಬ್ಬ ಹುಬ್ಬಳ್ಳಿಯಲ್ಲಿ, ಒಬ್ಬ ದುಬೈನಲ್ಲಿ ಇದ್ದಾನೆ. ಎಲ್ಲರೂ ಒಂದೇ ಜೀಪಿನಲ್ಲಿ ಕೂತಂತೆ ಇರುತ್ತದೆ.

ನನ್ನ ಐಡಿ ಹಳೆಯದು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಬ್ಯಾನ್ ಆಯಿತಲ್ಲ, ಅದಕ್ಕೂ ಮುಂಚಿನದು. 2021ರ ಜುಲೈನಲ್ಲಿ ಬಿಜಿಎಂಐ ಬಂದಾಗ ಹಳೆಯ ಡೇಟಾ ಎಲ್ಲ ಅದಕ್ಕೆ ಟ್ರಾನ್ಸ್‌ಫರ್ ಮಾಡಿಕೊಂಡಿದ್ದೆ. 2022ರಲ್ಲಿ ಅದೂ ಪ್ಲೇ ಸ್ಟೋರ್‌ನಿಂದ ಹೋಗಿ, 2023ರಲ್ಲಿ ವಾಪಸ್ ಬರುವವರೆಗೂ ಐಡಿಯನ್ನು ಜೋಪಾನ ಮಾಡಿದ್ದೆ. ಅದರಲ್ಲಿ ಎಂ416 ಬಂದೂಕಿಗೆ ಗ್ಲೇಸಿಯರ್ ಸ್ಕಿನ್ (ಬಂದೂಕಿನ ಅಪರೂಪದ ಅಲಂಕಾರ) ಇತ್ತು. ಆಡುವವರಿಗೆ ಅದರ ಬೆಲೆ ಗೊತ್ತು.

ಕಳೆದ ವರ್ಷ, 2025ರ ಫೆಬ್ರವರಿಯಲ್ಲಿ ಫೋನ್ ಕೈಜಾರಿ ಡಿಸ್‌ಪ್ಲೇ ಒಡೆಯಿತು. ಅದೇ ತಿಂಗಳು ಊರಲ್ಲಿ ಅಮ್ಮನಿಗೂ ಹಣ ಬೇಕಿತ್ತು. ಐಡಿ ಮಾರೋಣ ಎಂದು ಒಂದು ಟ್ರೇಡಿಂಗ್ ಗ್ರೂಪಲ್ಲಿ ಹಾಕಿದೆ. ಐಡಿ ಮಾರುವುದು ಆಟದ ನಿಯಮಕ್ಕೇ ವಿರುದ್ಧ. ಇದು ನನಗೆ ಗೊತ್ತಿತ್ತು. ಎಲ್ಲರೂ ಮಾರುತ್ತಾರೆ, ನಾನೂ ಮಾರಿದೆ. ನಿಯಮ ಮುರಿದು ಮಾಡುವ ವ್ಯವಹಾರದಲ್ಲಿ ಮೋಸವಾದರೆ ಗೇಮ್ ಕಂಪನಿಗೆ ದೂರು ಕೊಡಲು ಬಾಯೇ ಇರುವುದಿಲ್ಲ ಎಂಬುದು ಆಗ ಹೊಳೆದಿರಲಿಲ್ಲ.

ಎರಡೇ ದಿನಕ್ಕೆ ಗಿರಾಕಿ ಸಿಕ್ಕ. ಹೆಚ್ಚು ಚೌಕಾಸಿ ಮಾಡಲಿಲ್ಲ. ಗ್ರೂಪಿನ ಅಡ್ಮಿನ್ ಮಿಡಲ್‌ಮ್ಯಾನ್ ಆಗಿ ನಿಂತ, ಅವನ ಹಳೆಯ ಡೀಲ್‌ಗಳ ಸ್ಕ್ರೀನ್‌ಶಾಟ್‌ಗಳೂ ಇದ್ದವು. ಫೆಬ್ರವರಿ 16, ಭಾನುವಾರ ಮಧ್ಯಾಹ್ನ ನನ್ನ ಸಂಬಳದ ಖಾತೆಯ ಕ್ಯೂಆರ್ ಕಳಿಸಿದೆ. ಹತ್ತು ನಿಮಿಷಕ್ಕೆ 9,000, ಇನ್ನರ್ಧ ಗಂಟೆಗೆ 5,000 ಬಂತು. ದುಡ್ಡು ನಿಜವಾಗಿಯೂ ಬಂತು. ಫೇಕ್ ಸ್ಕ್ರೀನ್‌ಶಾಟ್ ಅಲ್ಲ, ಬ್ಯಾಲೆನ್ಸ್ ತೆಗೆದು ನೋಡಿಯೇ ಲಾಗಿನ್ ಕೊಟ್ಟೆ. ನನಗೆ ಗೊತ್ತಿದ್ದ ಮೋಸ ಅದೊಂದೇ, ದುಡ್ಡು ಬರದೆ ಐಡಿ ಹೋಗುವುದು. ಅದಾಗಲಿಲ್ಲವಾದ್ದರಿಂದ ಎಲ್ಲ ಸರಿಯಿದೆ ಅಂದುಕೊಂಡೆ.

ಈಗ ಆ ಪೇಮೆಂಟ್‌ನ ಪುಟವನ್ನು ತೆಗೆದು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಚಾಟ್‌ನಲ್ಲಿದ್ದವನು ಹುಡುಗ. ದುಡ್ಡು ಬಂದದ್ದು ಒಬ್ಬ ಮಹಿಳೆಯ ಹೆಸರಿನಿಂದ. ಕೇಳಿದ್ದಕ್ಕೆ, "ನನ್ನ ಯುಪಿಐ ಲಿಮಿಟ್ ಮುಗಿದಿದೆ ಬ್ರೋ, ಅಕ್ಕನ ನಂಬರಿಂದ ಹಾಕಿಸ್ತಿದೀನಿ" ಅಂದ. ಎರಡನೇ ಪೇಮೆಂಟ್‌ನ ಕೆಳಗೆ, ಕಳಿಸುವವರು ಟಿಪ್ಪಣಿ ಬರೆಯುವ ಜಾಗದಲ್ಲಿ ಎರಡು ಪದ ಇದ್ದವು: ಜಾಬ್ ಫೀಸ್. ನಾನು ಅದನ್ನು ಓದಿದ್ದೆ. ಓದಿಯೂ, ಏನೋ ತಪ್ಪಿ ಟೈಪ್ ಮಾಡಿರಬೇಕು ಎಂದು ಮುಂದೆ ಹೋದೆ. ಆ ಹೆಣ್ಣುಮಗಳು ತಾನು ಯಾವುದಕ್ಕೆ ಹಣ ಕಟ್ಟುತ್ತಿದ್ದೇನೆ ಎಂದು ನನಗೆ ಬರೆದೇ ಕಳಿಸಿದ್ದರು.

3,000 ಅಮ್ಮನ ಖಾತೆಗೆ ಹಾಕಿದೆ. ಡಿಸ್‌ಪ್ಲೇ ಹಾಕಿಸಿದೆ. ಉಳಿದದ್ದು ಆ ತಿಂಗಳು ಕರಗಿತು.

ಮಾರ್ಚ್ 11ರ ಬೆಳಿಗ್ಗೆ ಗೇಟಿನ ಹತ್ತಿರದ ಅಂಗಡಿಯಲ್ಲಿ ಟೀ ಕುಡಿದು 12 ರೂಪಾಯಿ ಸ್ಕ್ಯಾನ್ ಮಾಡಿದರೆ ಪೇಮೆಂಟ್ ಫೇಲ್. ನೆಟ್‌ವರ್ಕ್ ಇರಬೇಕೆಂದು ಮತ್ತೆ ಹಾಕಿದೆ, ಮತ್ತೆ ಫೇಲ್. ಹಿಂದೆ ನಿಂತವರು ಕಾಯುತ್ತಿದ್ದರು. ಅಂಗಡಿಯಣ್ಣ "ಇರ್ಲಿ ಬಿಡಪ್ಪ, ಸಂಜೆ ಕೊಡು" ಅಂದರು. ಅಷ್ಟರಲ್ಲಿ ಮೆಸೇಜ್ ಬಂತು: ಪೊಲೀಸರ ಸೂಚನೆಯಂತೆ ನಿಮ್ಮ ಖಾತೆಯನ್ನು ಡೆಬಿಟ್ ಫ್ರೀಜ್ ಮಾಡಲಾಗಿದೆ. ಅಂದರೆ ಖಾತೆಗೆ ಹಣ ಬರುತ್ತದೆ, ಹೋಗುವುದಿಲ್ಲ. ನಾಲ್ಕು ದಿನ ಮುಂಚೆ ಬಿದ್ದ ಸಂಬಳ ಸೇರಿ 17,240 ರೂಪಾಯಿ ಒಳಗಿತ್ತು. ಒಂದು ರೂಪಾಯಿಯೂ ತೆಗೆಯುವಂತಿರಲಿಲ್ಲ.

ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದೆ. ಅಲ್ಲಿದ್ದ ಮೇಡಂ ಕಂಪ್ಯೂಟರ್ ನೋಡಿ, "ಇದು ನಮ್ಮ ಕೈಲಿಲ್ಲಪ್ಪ, ಬೇರೆ ರಾಜ್ಯದ ಸೈಬರ್ ಪೊಲೀಸರು ಹಾಕಿಸಿರೋದು. ಅವರ ಲೆಟರ್ ಬರಬೇಕು" ಅಂದರು. ಏನು ನಡೆದಿತ್ತು ಎಂಬುದು ನಿಧಾನಕ್ಕೆ ಗೊತ್ತಾಯಿತು. ನಾನು ಕಳಿಸಿದ ಕ್ಯೂಆರ್ ಅನ್ನು ಆ ಗಿರಾಕಿ ತಾನು ಸ್ಕ್ಯಾನ್ ಮಾಡಿರಲೇ ಇಲ್ಲ. ಮನೆಯಲ್ಲೇ ಕೂತು ಮಾಡುವ ಕೆಲಸ ಕೊಡಿಸುತ್ತೇನೆಂದು ಆ ಮಹಿಳೆಯನ್ನು ನಂಬಿಸಿ, ರಿಜಿಸ್ಟ್ರೇಷನ್‌ಗೆ, ಟ್ರೇನಿಂಗ್‌ಗೆ ಎಂದು ನನ್ನ ಕ್ಯೂಆರ್ ಅನ್ನೇ ಅವರಿಗೆ ಕಳಿಸಿದ್ದ. ಅವರು ಹಣ ಕಳಕೊಂಡರು. ನಾನು ಐಡಿ ಕೊಟ್ಟೆ. ಅವನು ಒಂದು ರೂಪಾಯಿ ಖರ್ಚಿಲ್ಲದೆ ಐಡಿ ಪಡೆದ, ತನ್ನ ಖಾತೆಯ ನೆರಳೂ ಎಲ್ಲಿಯೂ ಬೀಳದಂತೆ ನೋಡಿಕೊಂಡ. ಮೋಸ ಗೊತ್ತಾಗಿ ಆ ಮಹಿಳೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾಗ ಕಳ್ಳನ ಜಾಗದಲ್ಲಿ ಇದ್ದದ್ದು ನನ್ನ ಹೆಸರು.

1930 ಹೇಗೆ ಕೆಲಸ ಮಾಡುತ್ತದೆ ಎಂದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಮೊದಲು ಇದರ ನಂಬರ್ 155260 ಇತ್ತು. ದೇಶದ ಯಾವ ಮೂಲೆಯಿಂದ ದೂರು ಬಂದರೂ ಕೇಂದ್ರ ಗೃಹ ಇಲಾಖೆಯ ವ್ಯವಸ್ಥೆಯ ಮೂಲಕ ಅದು ಬ್ಯಾಂಕುಗಳಿಗೆ ಹೋಗುತ್ತದೆ. ಹಣ ಮೊದಲು ಬಿದ್ದ ಖಾತೆ ಮೊದಲ ಲೇಯರ್. ಅಲ್ಲಿಂದ ಮುಂದಕ್ಕೆ ಹೋಗಿದ್ದರೆ ಆ ಖಾತೆ ಎರಡನೇ ಲೇಯರ್, ಹೀಗೆ ಬೆನ್ನು ಹತ್ತುತ್ತಾರೆ. ಇದು ಒಳ್ಳೆಯ ವ್ಯವಸ್ಥೆಯೇ. ಕಳಕೊಂಡವರಿಗೆ ಹಣ ಸಿಗುವ ದಾರಿ ಇದೊಂದೇ. ಆದರೆ ಆ ದಾರಿಯ ಮೇಲೆ ಯಾರು ನಿಂತಿದ್ದರೂ, ಅವರಿಗೆ ಗೊತ್ತಿರಲಿ ಬಿಡಲಿ, ಮೊದಲು ಖಾತೆ ನಿಲ್ಲುತ್ತದೆ. ವಿಚಾರಣೆ ಆಮೇಲೆ.

ಎರಡನೇ ಲೇಯರ್ ಎಂದರೆ ಏನು ಎಂಬುದು ಆ ಗುರುವಾರ ಅಮ್ಮನ ಫೋನ್ ಬಂದಾಗ ಅರ್ಥವಾಯಿತು.

"ತಮ್ಮಾ, ಗೃಹಲಕ್ಷ್ಮಿ ರೊಕ್ಕ ತಗೊಳಾಕ ಹೋಗಿದ್ನಿ. ಬರೂದಿಲ್ಲ ಅಂದ್ರು. ಪೊಲೀಸ್ರು ಹಿಡದಾರಂತ. ಎಲ್ಲಾರ ಮುಂದ ಹಂಗಂದ್ರೋ. ಏನ್ ಮಾಡೀ, ಖರೇ ಹೇಳು."

ನಾನು ಹಾಕಿದ್ದ 3,000ಕ್ಕೆ ಅಮ್ಮನ ಖಾತೆಯಲ್ಲಿ ಹೋಲ್ಡ್ ಬಿದ್ದಿತ್ತು. ಅವರ ಖಾತೆಯಲ್ಲಿ ಇದ್ದದ್ದೇ ಅದಕ್ಕಿಂತ ಕಡಿಮೆ. ಹಾಗಾಗಿ ಸರ್ಕಾರದ 2,000 ಸೇರಿ ಎಲ್ಲವೂ ಸಿಕ್ಕಿಕೊಂಡಿತು. ಗೇಮ್ ಎಂದರೆ ಏನು, ಐಡಿ ಎಂದರೆ ಏನು, ಅದನ್ನು ಯಾರು ಯಾಕೆ ಕೊಳ್ಳುತ್ತಾರೆ, ಅಮ್ಮನಿಗೆ ಹೇಗೆ ಬಿಡಿಸಿ ಹೇಳುವುದು? ನಾನು ಹೇಳಿದ್ದರಲ್ಲಿ ಅವರಿಗೆ ತಿಳಿದದ್ದು ಒಂದೇ, ನಾನು ಕಳಿಸಿದ ರೊಕ್ಕ ಕಳವಿನದು. ಓಣಿಯಲ್ಲಿ ಮಾತಾಯಿತು. ಆ ಬ್ಯಾಂಕಿಗೆ ಅಮ್ಮ ಈಗಲೂ ಒಬ್ಬರೇ ಹೋಗುವುದಿಲ್ಲ, ಅಕ್ಕನನ್ನು ಕರಕೊಂಡು ಹೋಗುತ್ತಾರೆ. ನನ್ನ ಖಾತೆ ನಿಂತದ್ದನ್ನು ನಾನು ಮರೆಯಬಹುದು, ಇದನ್ನು ಮರೆಯುವುದಕ್ಕೆ ಆಗುವುದಿಲ್ಲ.

ಮುಂದಿನ ಏಳು ವಾರಗಳದ್ದು ಹೇಳುತ್ತ ಹೋದರೆ ಮುಗಿಯದು. ಬೈಕ್‌ನ ಇಎಂಐ ಬೌನ್ಸ್ ಆಗಿ ದಂಡ ಬಿತ್ತು. ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು, ಕಂಪನಿಯಲ್ಲಿ ಕಾರಣ ಹೇಳಿ, ಏಪ್ರಿಲ್ ಸಂಬಳ ಅದಕ್ಕೆ ಹಾಕಿಸಿಕೊಂಡೆ. ಇಂಥದ್ದರಲ್ಲಿ ಸಿಕ್ಕಿಕೊಂಡವರು ಮೊದಲು ಮಾಡಬೇಕಾದ ಕೆಲಸ ಅದು. ಇಲ್ಲದಿದ್ದರೆ ಮುಂದಿನ ಸಂಬಳವೂ ಒಳಗೆ ಹೋಗಿ ಕೂರುತ್ತದೆ.

ಬ್ಯಾಂಕಿನಲ್ಲಿ ಬಾಯಿಮಾತಿಗೆ ವಾಪಸ್ ಬರಬೇಡಿ. ದೂರಿನ ಅಕ್ನಾಲೆಡ್ಜ್‌ಮೆಂಟ್ ನಂಬರ್, ಯಾವ ಠಾಣೆ, ಅವರ ಇಮೇಲ್, ತಕರಾರಿನ ಮೊತ್ತ ಎಷ್ಟು, ಇಷ್ಟನ್ನು ಬರೆಸಿಕೊಂಡೇ ಹೊರಗೆ ಬನ್ನಿ. ನನಗೆ ಇವು ಸಿಕ್ಕದ್ದು ಮೂರನೇ ಸಲ ಹೋದಾಗ. ಆ ಠಾಣೆಗೆ ಫೋನ್ ಮಾಡಿದರೆ ಹಿಂದಿ, ನನ್ನ ಹಿಂದಿ ಅಲ್ಲಿಗೆ ಸಾಲದು. ನಮ್ಮ ಶಾಪ್‌ನಲ್ಲಿ ಕೆಲಸ ಮಾಡುವ ಬಿಹಾರದ ಗೆಳೆಯ ಪಕ್ಕದಲ್ಲಿ ನಿಂತು ಮಾತಾಡಿದ. ಅವನ ಋಣ ದೊಡ್ಡದು. ತನಿಖಾಧಿಕಾರಿ ಕೇಳಿದ್ದು ಆಧಾರ್, ಆರು ತಿಂಗಳ ಸ್ಟೇಟ್‌ಮೆಂಟ್, ಹಣ ಯಾವುದಕ್ಕೆ ಬಂತು ಎಂಬ ವಿವರಣೆ, ಗಿರಾಕಿಯ ಜೊತೆಗಿನ ಚಾಟ್.

ಚಾಟ್ ಎಲ್ಲಿತ್ತು? ಗಿರಾಕಿ ಎರಡೂ ಕಡೆಯಿಂದ ಅಳಿಸಿ ಹೋಗಿದ್ದ, ಅಡ್ಮಿನ್ ನನ್ನನ್ನು ಗ್ರೂಪಿನಿಂದ ತೆಗೆದಿದ್ದ. ನನ್ನನ್ನು ಉಳಿಸಿದ್ದು, ಒಳ್ಳೆ ರೇಟ್ ಬಂತು ನೋಡ್ರೋ ಎಂದು ನಮ್ಮ ಸ್ಕ್ವಾಡ್ ಗ್ರೂಪಿಗೆ ಆ ದಿನ ಹಾಕಿದ್ದ ನಾಲ್ಕು ಸ್ಕ್ರೀನ್‌ಶಾಟ್. ಅವು ಇಲ್ಲದಿದ್ದರೆ, ಗೊತ್ತಿದ್ದೂ ಖಾತೆ ಬಾಡಿಗೆಗೆ ಕೊಟ್ಟವನಿಗೂ ನನಗೂ ಕಾಗದದ ಮೇಲೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಹಾಗೆ ಬಾಡಿಗೆಗೆ ಕೊಡುವವರೂ ಇದ್ದಾರೆ. ಪಿಜಿ ಹುಡುಗರನ್ನು ಹುಡುಕಿ, ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಟ್ಟರೆ ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂದು ಕೇಳುತ್ತಾರೆ. ಅದು ನೇರವಾಗಿ ಜೈಲಿನ ದಾರಿ. ಅದರ ಹತ್ತಿರ ಸುಳಿಯಬೇಡಿ.

ಪೊಲೀಸರಿಗೆ ಖಾತೆ ತಡೆಹಿಡಿಯುವ ಅಧಿಕಾರ ಇದೆ. ಮೊದಲು ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 102ನೇ ಕಲಂ, 2024ರ ಜುಲೈನಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 106. ಆದರೆ 14,000ದ ತಕರಾರಿಗೆ ಖಾತೆ ಪೂರ್ತಿ ನಿಲ್ಲಿಸಬೇಕೇ? ಅನುಮಾನದ ಮೊತ್ತಕ್ಕಷ್ಟೇ ತಡೆ ಇರಲಿ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಪರಿಚಯದ ವಕೀಲರೊಬ್ಬರು ಇದನ್ನು ತೋರಿಸಿಕೊಟ್ಟರು. ನನ್ನ ಇಮೇಲ್‌ನಲ್ಲಿ ಅದನ್ನು ಬರೆದು, ಹಣ ನನ್ನದಲ್ಲ, ದೂರುದಾರರಿಗೆ ವಾಪಸ್ ಹೋಗಲು ನನ್ನ ಒಪ್ಪಿಗೆ ಇದೆ ಎಂದು ಸಹಿ ಹಾಕಿ ಕಳಿಸಿದೆ. ಮೊದಲೆರಡು ಇಮೇಲ್‌ಗೆ ಉತ್ತರವಿಲ್ಲ, ಮೂರನೆಯದಕ್ಕೆ ಬಂತು. ಏಪ್ರಿಲ್ 29ಕ್ಕೆ, ಅಂದರೆ 49 ದಿನಕ್ಕೆ, 14,000 ಬಿಟ್ಟು ಉಳಿದ ಹಣಕ್ಕೆ ತಡೆ ತೆಗೆದರು. ಅಮ್ಮನದು ಇನ್ನೂ ಒಂಬತ್ತು ದಿನ ಹಿಡಿಯಿತು. ಪೊಲೀಸರು ಜಗ್ಗದಿದ್ದರೆ ಬಿಎನ್‌ಎಸ್‌ಎಸ್ 503ರ ಅಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು ಎಂದು ವಕೀಲರು ಹೇಳಿದ್ದರು. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಆ ಮಹಿಳೆ ಒಟ್ಟು 38,000 ಕಳಕೊಂಡಿದ್ದಾರೆ ಎಂದು ಅಧಿಕಾರಿ ಹೇಳಿದರು. ನನ್ನ ಕಡೆಯಿಂದ ಸಿಕ್ಕುವುದು 14,000. ಉಳಿದದ್ದು ನನ್ನಂಥ ಇನ್ಯಾರದೋ ಖಾತೆ ದಾಟಿ ಹೋಗಿದೆ.

ಐಡಿ ಮಾರಲೇಬೇಡಿ ಎಂದು ಹೇಳುವುದು ಸುಲಭ, ನಮ್ಮ ಹುಡುಗರು ಕೇಳುವುದಿಲ್ಲ ಎಂದೂ ಗೊತ್ತು. ಆದರೂ ಹೇಳುತ್ತೇನೆ, ಗುರುತಿಲ್ಲದವರಿಗೆ ಮಾರಬೇಡಿ. ಐಡಿ ಒಂದೇ ಅಲ್ಲ, ಯುಸಿ, ಹಳೆ ಫೋನ್, ಬೈಕ್, ಏನೇ ಮಾರಿದರೂ ಮಾತಾಡಿದವನ ಹೆಸರು ಮತ್ತು ಹಣ ಕಳಿಸಿದವರ ಹೆಸರು ಒಂದೇ ಇಲ್ಲವೆಂದರೆ ವಸ್ತು ಕೊಡಬೇಡಿ. ಬೇರೆ ಹೆಸರಿನಿಂದ ಹಣ ಬಂದೇಬಿಟ್ಟಿತೆಂದರೆ ಅದನ್ನು ಮುಟ್ಟಬೇಡಿ, ಮನೆಯವರಿಗೆ ಕಳಿಸಬೇಡಿ. "ತಪ್ಪಿ ಬಂದಿದೆ, ಈ ನಂಬರಿಗೆ ವಾಪಸ್ ಹಾಕಿ" ಎಂದು ಫೋನ್ ಬಂದರೂ ಹಾಕಬೇಡಿ. ಹಣ ವಾಪಸ್ ಹೋಗುವುದಾದರೆ ಬ್ಯಾಂಕಿನ ಮೂಲಕವೇ, ಬಂದ ಖಾತೆಗೇ ಹೋಗಲಿ. ಚಾಟ್ ಅನ್ನು ಅಂದೇ ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆ ಇಡಿ.

ಮತ್ತೊಂದು. ಖಾತೆ ಫ್ರೀಜ್ ಆಗಿದೆ ಎಂದು ನಾನು ಇಂಟರ್ನೆಟ್‌ನಲ್ಲಿ ಕೇಳಿದ ರಾತ್ರಿಯೇ ಮೂರು ಜನ ಮೆಸೇಜ್ ಮಾಡಿದರು. ಪೊಲೀಸರು ನಮಗೆ ಗೊತ್ತು, 5,000 ಹಾಕಿ, ಎರಡು ದಿನದಲ್ಲಿ ತೆಗೆಸಿಕೊಡುತ್ತೇವೆ ಅಂದರು. ಆ ಹೊತ್ತಿಗೆ ಕಿಸೆಯಲ್ಲಿ ಐನೂರು ರೂಪಾಯಿ ಇಲ್ಲದ್ದರಿಂದ ನಾನು ಬಚಾವಾದೆ. ಇವರಿಗೂ ಆ ಗಿರಾಕಿಗೂ ಏನೂ ವ್ಯತ್ಯಾಸವಿಲ್ಲ.

ನಾನು ತನಿಖಾಧಿಕಾರಿಗೆ ಕಳಿಸಿದ ಇಮೇಲ್‌ನ ಒಕ್ಕಣೆ, ಒಪ್ಪಿಗೆ ಪತ್ರದ ನಮೂನೆ ನನ್ನ ಹತ್ತಿರ ಇದೆ, ಇಂಗ್ಲಿಷ್‌ನಲ್ಲಿ ಒಂದು, ಹಿಂದಿಯಲ್ಲಿ ಒಂದು. ಯಾರದಾದರೂ ಖಾತೆ ಹೀಗೆ ನಿಂತಿದ್ದರೆ ಕೇಳಿ, ಹಾಗೇ ಕಳಿಸುತ್ತೇನೆ. ನನಗೆ ಫಸ್ಟ್ ಶಿಫ್ಟ್ ಇದ್ದ ದಿನ ಸಂಜೆ ನಾಲ್ಕರ ಮೇಲೆ ಉತ್ತರ ಬರುತ್ತದೆ.